ಗುಣವೋ? ಗಣತಿಯೋ?

“ಕೊಟ್ಟ ಹಣಕ್ಕೆ ಎಷ್ಟು ಸೌಲಭ್ಯ?” ಈಚೆಗೆ ಸ್ಮಾರ್ಟ್‌ಫೋನ್ ಕೊಳ್ಳಹೊರಟ ವಿದ್ಯಾವಂತರೆಲ್ಲರ ಬಾಯಲ್ಲಿ ಇದೊಂದೇ ಪ್ರಶ್ನೆ. ಎರಡು ಫೋನುಗಳ ವಿವರಪಟ್ಟಿಯನ್ನು ಅಕ್ಕಪಕ್ಕದಲ್ಲಿಟ್ಟು, ಇದಕ್ಕೆ ಕ್ಯಾಮರಾ ನಾಲ್ಕು, ಅದಕ್ಕೆ ಎರಡು; ಇದರದು 108 ಮೆಗಾಪಿಕ್ಸೆಲ್, ಅದರದು 12 ಎಂದು ಎಣಿಸಿ, ಮೊತ್ತ ಹೆಚ್ಚಾದದ್ದೇ ಶ್ರೇಷ್ಠವೆಂದು ತೀರ್ಮಾನಿಸುತ್ತಾರೆ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೂ ಇದೇ ನ್ಯಾಯ. ಈ ನ್ಯಾಯ ಒಪ್ಪತಕ್ಕದ್ದಲ್ಲವೆಂಬುದು ನನ್ನ ವಾದ. ಎಣಿಕೆಗೆ ಸಿಕ್ಕಿದ್ದೆಲ್ಲ ಗುಣವಾಗಲಾರದು.

ಕನ್ನಡದ ಮೇಷ್ಟರಿಗೆ ಇದು ಹೊಸ ವ್ಯಾಧಿಯಾಗಿ ಕಾಣುವುದಿಲ್ಲ. ಮಹಾಕಾವ್ಯದಲ್ಲಿ ಸಮುದ್ರ, ಪರ್ವತ, ಚಂದ್ರೋದಯ ಮೊದಲಾದ 18 ವರ್ಣನೆಗಳಿರಬೇಕೆಂದು ಹಿಂದಿನವರು ನಿಯಮ ಮಾಡಿದರು. ಆ ಹದಿನೆಂಟನ್ನೂ ಲೆಕ್ಕ ತಪ್ಪದೆ ತುಂಬಿಟ್ಟು, ಇಂದು ಪಂಡಿತರ ಹೊರತು ಯಾರೂ ತೆರೆಯದ ಕಾವ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಪಂಪನಲ್ಲಿಯೂ ವರ್ಣನೆಗಳುಂಟು. ಆದರೆ ನಾವು ಪಂಪನನ್ನು ಓದುವುದು ಅವನ ಕರ್ಣನಿಗಾಗಿ, ವರ್ಣನೆಗಳ ಮೊತ್ತಕ್ಕಾಗಿ ಅಲ್ಲ.

ಫೋನುಗಳ ಚರಿತ್ರೆ ಹೇಳುವುದೂ ಇದನ್ನೇ. 2007ರಲ್ಲಿ ನೋಕಿಯಾ ಎನ್95, ಆಪಲ್ ಕಂಪನಿಯ ಮೊದಲ ಐಫೋನು, ಇವೆರಡೂ ಮಾರುಕಟ್ಟೆಯಲ್ಲಿ ಎದುರುಬದುರಾದುವು. ನೋಕಿಯಾದಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮರಾ, ವಿಡಿಯೋ, 3ಜಿ, ದಾರಿ ತೋರುವ ಜಿಪಿಎಸ್ ಎಲ್ಲವೂ ಇದ್ದುವು. ಐಫೋನಿನದು ಬರಿಯ 2 ಮೆಗಾಪಿಕ್ಸೆಲ್; 3ಜಿ ಇಲ್ಲ, ಜಿಪಿಎಸ್ ಇಲ್ಲ, ವಿಡಿಯೋ ತೆಗೆಯುವಂತಿರಲಿಲ್ಲ. ಒಂದೆಡೆಯ ಬರಹವನ್ನು ನಕಲು ಮಾಡಿ ಇನ್ನೊಂದೆಡೆ ಅಂಟಿಸುವ ಸೌಕರ್ಯ ಕೂಡ 2009ರವರೆಗೆ ಬರಲಿಲ್ಲ. ಪಟ್ಟಿಯಲ್ಲಿ ಗೆದ್ದದ್ದು ನೋಕಿಯಾ. ಆದರೆ ಬೆರಳು ಸೋಕಿದೊಡನೆ ತೆರೆ ಓಗೊಡುವ ಗುಣವೊಂದನ್ನು ಐಫೋನು ಚೆನ್ನಾಗಿ ಸಾಧಿಸಿತ್ತು. ಮುಂದೆ ಬಂದ ಫೋನುಗಳೆಲ್ಲ ಬಹುಮಟ್ಟಿಗೆ ಅದೇ ಅಚ್ಚಿನಲ್ಲಿ ಹುಟ್ಟಿದುವು; ನೋಕಿಯಾ ತನ್ನ ಫೋನಿನ ವ್ಯಾಪಾರವನ್ನು 2014ರಲ್ಲಿ ಮೈಕ್ರೋಸಾಫ್ಟಿಗೆ ಒಪ್ಪಿಸಿ ಕೈತೊಳೆದುಕೊಂಡಿತು.

ಕ್ಯಾಮರಾದ ಮಾತೂ ಹೀಗೆಯೇ. 2020ರಲ್ಲಿ ಬಂದ ಸ್ಯಾಮ್‌ಸಂಗ್ ಎಸ್20 ಅಲ್ಟ್ರಾದ 108 ಮೆಗಾಪಿಕ್ಸೆಲ್ ಕ್ಯಾಮರಾ, ಸಾಮಾನ್ಯವಾಗಿ ಒಂಬತ್ತು ಬಿಂದುಗಳನ್ನು ಕೂಡಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ. ಇದು ಮೋಸವಲ್ಲ, ಮಂದ ಬೆಳಕಿನಲ್ಲಿ ಇದರಿಂದ ಉಪಕಾರವೂ ಉಂಟು. ಆದರೆ ಕೊಳ್ಳುವವನ ಕಣ್ಣು ಕುಕ್ಕುವುದು 108 ಎಂಬ ಅಂಕಿ. 2018ರ ಗೂಗಲ್ ಪಿಕ್ಸೆಲ್ 3ರ ಬೆನ್ನಿಗಿದ್ದದ್ದು ಸುಮಾರು 12 ಮೆಗಾಪಿಕ್ಸೆಲಿನ ಒಂದೇ ಕ್ಯಾಮರಾ. ರಾತ್ರಿಯ ಚಿತ್ರಗಳಿಗೆ ಅದು ಹೆಸರಾಯಿತು. ಅನೇಕ ಅಗ್ಗದ ಫೋನುಗಳಲ್ಲಿ ಎಣಿಕೆ ತುಂಬಲೆಂಬಂತೆ 2 ಮೆಗಾಪಿಕ್ಸೆಲಿನ ಮೂರನೆಯ, ನಾಲ್ಕನೆಯ ಕಣ್ಣನ್ನು ಕೂರಿಸಿರುತ್ತಾರೆ. ಕೊಂಡವರು ತಿಂಗಳಿಗೊಮ್ಮೆಯಾದರೂ ಅವನ್ನು ಬಳಸುತ್ತಾರೆಯೇ?

“ಇದೆಲ್ಲ ಲಕ್ಷ ರೂಪಾಯಿಯ ಫೋನು ಕೊಳ್ಳಬಲ್ಲವರ ವೇದಾಂತ; ಸಂಬಳದಲ್ಲಿ ಉಳಿಸಿ ಕೊಳ್ಳುವವರಿಗೆ ಈ ಉಪದೇಶವೇಕೆ?” ಎನ್ನುವವರುಂಟು. ಬೆಲೆಯೇ ಗುಣವೆಂದು ನಾನು ಹೇಳುತ್ತಿಲ್ಲ. ಐಫೋನಿನ ಜತೆಗೇ ಬರುವ ಕನ್ನಡ ಕೀಲಿಮಣೆ ನಮಗೆ ದೊರೆತದ್ದು 2017ರಲ್ಲಿ, ಅದು ಹುಟ್ಟಿ ಹತ್ತು ವರ್ಷವಾದ ಮೇಲೆ. ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕಾದವನಿಗೆ ಅಲ್ಲಿಯವರೆಗೆ ಆ ದುಬಾರಿ ಯಂತ್ರದ ಗುಣ ಅರೆಗುಣವೇ. ಬಳಸುವವನ ಕೆಲಸಕ್ಕೆ, ಬಳಸುವಷ್ಟು ದಿನವೂ, ಕೈಕೊಡದೆ ಒದಗುವುದೇ ಗುಣ.

ಹಣ ಕಡಮೆಯಿದ್ದವನಿಗೇ ಈ ವಿಚಾರ ಹೆಚ್ಚು ಮುಖ್ಯ. ಸಿರಿವಂತ ಎರಡು ವರ್ಷಕ್ಕೊಂದು ಫೋನು ಬದಲಿಸಬಲ್ಲ. ಗುಮಾಸ್ತ ಒಂದರಲ್ಲಿಯೇ ಐದು ವರ್ಷ ಕಾಲ ಹಾಕಬೇಕು. ಕಂಪನಿ ಕಾಲಕಾಲಕ್ಕೆ ಕಳುಹಿಸುವ ಸುರಕ್ಷೆಯ ಅಪ್‌ಡೇಟುಗಳು ನಡುವೆಯೇ ನಿಂತುಹೋದರೆ, ಆಮೇಲೆ ಪತ್ತೆಯಾದ ಲೋಪಗಳು ಮುಚ್ಚದೆ ಉಳಿಯುತ್ತವೆ. ನಮ್ಮ ಯುಪಿಐ, ನಮ್ಮ ಬ್ಯಾಂಕಿನ ಖಾತೆ, ಎಲ್ಲವೂ ಇರುವುದು ಅದೇ ಫೋನಿನಲ್ಲಿ. ನಾಲ್ಕು ಕಿಟಕಿಗಳ ಅಂದದ ಮನೆ ಕೊಂಡು, ಬಾಗಿಲಿಗೆ ಅಗುಳಿಯಿಲ್ಲದೆ ಮಲಗಿದಂತಾಯಿತು.

ಎಣಿಸಲೇಬೇಕೆಂದಿದ್ದರೆ ವರ್ಷಗಳನ್ನು ಎಣಿಸೋಣ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24ಕ್ಕೆ 7 ವರ್ಷಗಳ ಅಪ್‌ಡೇಟಿನ ಭರವಸೆ ಕೊಟ್ಟುವು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಗೆ ಬಂದಿದೆ: ಬ್ಯಾಟರಿ 800 ಸಲ ತುಂಬಿ ಬರಿದಾದ ಮೇಲೂ ಶೇಕಡ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೆ 7 ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು. ಇಂಥ ನಿಯಮ ನಮಗೂ ಬೇಕೆಂದು ಕೇಳಲು ಸಂಕೋಚವೇಕೆ?

ಅಂಗಡಿಗೆ ಹೋದಾಗ ಕ್ಯಾಮರಾ ಎಷ್ಟೆಂದು ಕೇಳುವ ಮೊದಲು, ಅಪ್‌ಡೇಟು ಎಷ್ಟು ವರ್ಷ, ಬ್ಯಾಟರಿ ಬದಲಿಸಲು ಖರ್ಚೆಷ್ಟು, ಕನ್ನಡ ಬರೆಯಲು ಬರುವುದೇ ಎಂದು ವಾಚಕರು ಕೇಳಲಿ. ಉತ್ತರ ದೊರೆಯದಿದ್ದರೆ ಪಕ್ಕದ ಅಂಗಡಿಗೆ ನಡೆಯಲಿ. ಗಿರಾಕಿ ಕೇಳದಿರುವುದನ್ನು ಯಾವ ವ್ಯಾಪಾರಿಯೂ ತಾನಾಗಿ ಪಟ್ಟಿಗೆ ಸೇರಿಸುವುದಿಲ್ಲ.