ಸ್ವಲೀನತೆಯ ಅರಿವು: ಏಪ್ರಿಲ್‌ನಲ್ಲಲ್ಲ, ಜೂನ್‌ನಲ್ಲಿ

ವಿಶ್ವಸಂಸ್ಥೆಯ ಮಹಾಸಭೆಯು 2007ರಲ್ಲಿ ಕೈಗೊಂಡ ನಿರ್ಣಯದಂತೆ ಪ್ರತಿವರ್ಷ ಏಪ್ರಿಲ್ 2ನ್ನು ಆಟಿಸಂ ಜಾಗೃತಿ ದಿನವಾಗಿ ಆಚರಿಸಲಾಗುತ್ತಿದೆ. ಯಾದಗಿರಿ, ಶಹಾಪುರ, ಸುರಪುರಗಳ ಶಾಲೆಗಳಿಗೆ ಈ ದಿನ ಬರುವುದು ತೀರ ಅನನುಕೂಲವಾದ ಹೊತ್ತಿನಲ್ಲಿ. ಬಿಸಿಲು ಏರಿರುತ್ತದೆ, ಶಿಕ್ಷಕರು ಫಲಿತಾಂಶದ ಪಟ್ಟಿಗಳಲ್ಲಿ ಮುಳುಗಿರುತ್ತಾರೆ. ಅಂದು ನೀಲಿ ಬಲೂನು ಕಟ್ಟಿ ಭಾಷಣ ಮಾಡಿದರೂ ಕೇಳಿದ್ದೆಲ್ಲ ಬೇಸಿಗೆ ರಜೆಯಲ್ಲಿ ಕರಗಿಹೋಗುತ್ತದೆ. ಈ ಕೆಲಸ ಜೂನ್‌ನಲ್ಲಿ, ಮಕ್ಕಳು ಹೊಸ ತರಗತಿಗೆ ಕಾಲಿಡುವ ವಾರದಲ್ಲೇ ಆಗಬೇಕೆಂಬುದು ನಮ್ಮ ಅಭಿಪ್ರಾಯ.

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಎಂಬ ಪದವಿದೆ. ಆದರೆ ನಮ್ಮ ಓಣಿಗಳಿಗೆ ಗೊತ್ತಿರುವ ಪದಗಳು ಬೇರೆ: ಮಳ್ಳ, ಮೊಂಡ, ಗಾಳಿ ಸೋಕಿದವ. ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಕೇಳಿದ ಪ್ರಶ್ನೆಯನ್ನೇ ಉತ್ತರವಾಗಿ ಮರಳಿ ಹೇಳುವ, ಒಂದೇ ಆಟಿಕೆಯ ಗಾಲಿಯನ್ನು ಗಂಟೆಗಟ್ಟಲೆ ತಿರುಗಿಸುವ ಮಗುವಿಗೆ ಈ ಮೂರರಲ್ಲಿ ಒಂದು ಹೆಸರು ಅಂಟಿಕೊಳ್ಳುತ್ತದೆ. ವಾಸ್ತವದಲ್ಲಿ ಇದು ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಅಂಟುರೋಗವಲ್ಲ, ತಾಯಿಯ ಸಾಕಣೆಯ ದೋಷವೂ ಅಲ್ಲ. ಲಸಿಕೆಯಿಂದ ಬರುತ್ತದೆಂಬ ವದಂತಿಗೆ ಆಧಾರವಾಗಿದ್ದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಮಗುವಿಗಾಗಿ ದುಆ ಮಾಡುವುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ತಾಯಿತಕ್ಕಾಗಿ ಒಬ್ಬ ಆಮಿಲರಿಂದ ಇನ್ನೊಬ್ಬರ ಬಳಿಗೆ ಅಲೆಯುವಷ್ಟರಲ್ಲಿ ಮಗುವಿನ ಮೂರು, ನಾಲ್ಕು, ಐದನೆಯ ವರ್ಷಗಳು ಕಳೆದುಹೋಗುತ್ತವೆ. ಮಾತಿನ ತರಬೇತಿ ಹೆಚ್ಚು ಫಲ ಕೊಡುವ ವರ್ಷಗಳು ಅವೇ.

ಶಾಲೆಯಲ್ಲಿ ಯಾರಿಗೆ ತಿಳಿಸಬೇಕು? ಮುಖ್ಯಗುರುಗಳಿಗೆ ಮಾತ್ರ ತಿಳಿದರೆ ಸಾಲದು. ಬಿಸಿಯೂಟದ ಸಾಲಿನಲ್ಲಿ ಮೊಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಂಡು ಓಡಿದ ಮಗುವನ್ನು ಮೊದಲು ಕಾಣುವವರು ಅಡುಗೆಯವರು. ಗಂಟೆ ಬಾರಿಸುವ ಸಿಪಾಯಿಗೆ ಆ ಸದ್ದು ಕೆಲವು ಕಿವಿಗಳಿಗೆ ಪೆಟ್ಟಿನಂತೆ ತಾಗುತ್ತದೆಂದು ತಿಳಿದಿದ್ದರೆ, ಬಾರಿಸುವ ಮುನ್ನ ಮಗುವನ್ನು ಆಚೆ ಕರೆದೊಯ್ಯಬಹುದು. ಅಲಾಯಿಯ ಹಲಗೆಯ ಸದ್ದಿಗೆ ಕಿವಿ ಮುಚ್ಚಿ ಮೂಲೆಯಲ್ಲಿ ಕೂರುವ ಮಕ್ಕಳು ನಮ್ಮ ಊರುಗಳಲ್ಲಿಲ್ಲವೇ? ನಾವು ಅವರನ್ನು ಅಂಜುಬುರುಕರೆಂದು ನಕ್ಕುಬಿಡುತ್ತೇವೆ.

ನಮ್ಮ ಭಾಗದ ಇನ್ನೊಂದು ತೊಡಕನ್ನು ನಗರದವರು ಅರಿಯರು. ಇಲ್ಲಿ ಅತಿಥಿ ಶಿಕ್ಷಕರನ್ನೇ ನೆಚ್ಚಿ ನಡೆಯುವ ಶಾಲೆಗಳು ಅನೇಕ. ಸ್ವಲೀನತೆಯ ಮಗುವಿಗೆ ಬದಲಾವಣೆಯೇ ದೊಡ್ಡ ಸಂಕಟ. ಅದನ್ನು ಅರಿತುಕೊಂಡ ಗುರು ಮಾರ್ಚ್‌ನಲ್ಲಿ ಹೋಗುತ್ತಾನೆ, ಏನೂ ಅರಿಯದವನು ಜೂನ್‌ನಲ್ಲಿ ಬರುತ್ತಾನೆ. ಮಗು ಯಾವುದಕ್ಕೆ ಬೆದರುತ್ತದೆ, ಯಾವುದರಿಂದ ಶಾಂತವಾಗುತ್ತದೆ ಎಂದು ಒಂದೇ ಒಂದು ಪುಟ ಬರೆದು ಹಾಜರಿ ಪುಸ್ತಕದೊಳಗೆ ಇಟ್ಟು ಹೋದರೂ ಬರುವವನಿಗೆ ಅರ್ಧ ವರ್ಷ ಉಳಿದೀತು.

ಸಹಪಾಠಿಗಳಿಗೆ ಹೇಳುವಾಗ ಎಚ್ಚರ ಬೇಕು. ಆ ಮಗುವನ್ನು ಪ್ರಾರ್ಥನಾ ಸಭೆಯಲ್ಲಿ ಎದುರಿಗೆ ನಿಲ್ಲಿಸಿ ‘ಇವನನ್ನು ನೋಡಿರಿ’ ಎನ್ನುವುದು ಅರಿವಲ್ಲ, ಅವಮಾನ. ಮಕ್ಕಳಿಗೆ ಸಿದ್ಧಾಂತ ಬೇಡ. ಜೊತೆಯಲ್ಲಿ ಕೂರುವುದು ಹೇಗೆ, ನಿಧಾನವಾಗಿ ಮಾತಾಡುವುದು ಹೇಗೆ, ಉತ್ತರಕ್ಕೆ ಕಾಯುವುದು ಹೇಗೆ ಎಂಬಷ್ಟು ಸಾಕು. ಅಡ್ಡಹೆಸರಿಟ್ಟು ಕರೆಯುವುದನ್ನು ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯವು ನಿಷೇಧಿಸಿದೆಯೆಂದು ನಮ್ಮ ಮದರಸಗಳಲ್ಲಿ ಕಂಠಪಾಠ ಮಾಡಿಸುತ್ತೇವೆ. ಪಾಠ ಮುಗಿಸಿದ ಹುಡುಗರು ಅಂಗಳಕ್ಕಿಳಿದು ‘ಏ ಮಳ್ಳ’ ಎಂದಾಗ ಉಸ್ತಾದರು ಸುಮ್ಮನಿದ್ದರೆ ಆ ಪಾಠ ಎಲ್ಲಿ ಉಳಿಯಿತು?

ಅಂಧರಾಗಿದ್ದ ಇಬ್ನು ಉಮ್ಮಿ ಮಕ್ತೂಮ್ ಕಲಿಯಲು ಬಂದಾಗ ಕುರೈಶ್ ಪ್ರಮುಖರೊಡನೆ ಮಾತಿನಲ್ಲಿದ್ದ ಪ್ರವಾದಿಯವರಿಗೆ(ಸ) ‘ಅಬಸ’ ಅಧ್ಯಾಯದ ಮೂಲಕ ಎಚ್ಚರಿಕೆ ಬಂದಿತ್ತು. ಮುಂದೆ ಅದೇ ಸಹಾಬಿ ಮದೀನಾದ ಮುಅದ್ದಿನರಲ್ಲಿ ಒಬ್ಬರಾದರು. ತಿಳುವಳಿಕೆಯಿಲ್ಲದವರ ಮೇಲೆ ಶರೀಅತ್ತಿನ ಹೊಣೆಯಿಲ್ಲವೆಂದು ಹೇಳಿ ಈ ಮಕ್ಕಳನ್ನು ಕಲಿಕೆಯಿಂದಲೇ ಹೊರಗಿಡುವವರಿದ್ದಾರೆ. ಆ ವಿನಾಯಿತಿ ಇರುವುದು ಹೊಣೆ ಹೊರಲಾರದವರಿಗೆ, ಕಲಿಸಬೇಕಾದವರಿಗಲ್ಲ. ಅದಲ್ಲದೆ ಸ್ವಲೀನತೆಯುಳ್ಳವರೆಲ್ಲ ತಿಳುವಳಿಕೆಯಿಲ್ಲದವರೂ ಅಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಈ ಕಾರಣಕ್ಕೆ ಮಗುವನ್ನು ಬಾಗಿಲಿನಿಂದ ಕಳಿಸುವಂತಿಲ್ಲ. ನಮ್ಮ ಸಮುದಾಯದ ಸಂಸ್ಥೆಗಳು ನಡೆಸುವ ಮಾನ್ಯತೆ ಪಡೆದ ಶಾಲೆಗಳೂ ಇದಕ್ಕೆ ಹೊರತಲ್ಲ. ತಪಾಸಣೆಗೆ ಮೊದಲೇ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಓಡಬೇಕಿಲ್ಲ. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. ಅವರು ಬಂದ ದಿನ ಇಂಥ ಮಗುವನ್ನು ಮನೆಯಲ್ಲಿ ಬಚ್ಚಿಡದೆ ಶಾಲೆಗೆ ಕಳಿಸಬೇಕು. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಕರೆಸಿಕೊಳ್ಳಬಹುದು. ಶಾಲಾ ಆಡಳಿತ ಮಂಡಳಿಗಳು ಮೇ ತಿಂಗಳಲ್ಲೇ ಆ ಪತ್ರ ಬರೆದರೆ, ಜೂನ್‌ನ ಮೊದಲ ಶನಿವಾರ ಮಧ್ಯಾಹ್ನ ಅಡುಗೆಯವರನ್ನೂ ಸಿಪಾಯಿಯನ್ನೂ ಕೂರಿಸಿಕೊಂಡು ಎರಡು ತಾಸು ಮಾತಾಡಲು ಯಾರ ಅಪ್ಪಣೆಯೂ ಬೇಕಾಗದು.