ವಸ್ತಿ ಯಾವ ದಂಡೆಯಲ್ಲಿ?
ಕುಷ್ಟಗಿ, ಯಲಬುರ್ಗಾ ಕಡೆಯವರು ಮಕ್ಕಳು ಮರಿ ಕಟ್ಟಿಕೊಂಡು ಹಂಪಿಗೆ ಹೊರಟರೆ ಮೊದಲು ಏಳುವ ಪ್ರಶ್ನೆ, ರಾತ್ರಿ ವಸ್ತಿ ಎಲ್ಲಿ? ಹೊಸಪೇಟೆ, ಗಂಗಾವತಿಯ ಲಾಡ್ಜುಗಳಲ್ಲಿ ಉಳಿದರೆ ಬಸ್ ನಿಲ್ದಾಣ, ಆಸ್ಪತ್ರೆ, ಖಾನಾವಳಿ ಎಲ್ಲ ಹತ್ತಿರ. ಆದರೂ ಒಂದು ರಾತ್ರಿಯಾದರೂ ಹೊಳೆಯಾಚೆ, ಹಂಪಿಯ ಎದುರು ದಂಡೆಯ ಆನೆಗೊಂದಿಯಲ್ಲೇ ಉಳಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್, ದೂರವೇನಲ್ಲ. ಆದರೆ ಏಪ್ರಿಲ್‌ನಲ್ಲಿ ನಾಷ್ಟಾ ಮುಗಿಸಿ, ಆಟೊ ಹಿಡಿದು, ಹೊಳೆ ಸುತ್ತಿ ಆನೆಗೊಂದಿಯ ದಂಡೆಗೆ ಬರುವಷ್ಟರಲ್ಲಿ ಬಂಡೆಗಳು ಕಾದ ಹಂಚಾಗಿರುತ್ತವೆ. ಅಲ್ಲಿನ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ಅಜ್ಜಿಯರೂ ಮೊಮ್ಮಕ್ಕಳೂ ಹತ್ತಬೇಕಾದದ್ದು ನಸುಕಿನ ತಂಪಿನಲ್ಲಿ. ಊರೊಳಗಿನ ಹೋಮ್‌ಸ್ಟೇಯಲ್ಲಿ ಮಲಗಿದವರಿಗೆ ಅದು ಸಲೀಸು. ಮಧ್ಯಾಹ್ನ ಮರಳಿ ಬಂದು ರೊಟ್ಟಿ ಉಂಡು ಒಂದು ಜೊಂಪು ತೆಗೆಯಬಹುದು, ಬಿಸಿಲಿಳಿದ ಮೇಲೆ ಪಂಪಾ ಸರೋವರಕ್ಕೆ ಹೋಗಬಹುದು. ಅಂಜನಾದ್ರಿಯಲ್ಲಿ ಭಕ್ತರ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಆ ಜನಸಾಗರದಲ್ಲಿ ಗಂಗಾವತಿಯೇ ವಾಸಿ. ಇನ್ನೊಂದು ಮಾತು: ಹತ್ತಿರದ ವಸ್ತಿ ಎಂದರೆ ಸ್ಮಾರಕಗಳ ಮಗ್ಗುಲಿಗೇ ಎದ್ದ ರೆಸಾರ್ಟು ಎಂದಲ್ಲ. ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಹಾಗೆ ಬೆಳೆದಿದ್ದ ರೆಸಾರ್ಟುಗಳನ್ನು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ, ಮಾರ್ಚ್‌ನಲ್ಲಿ ಕೆಡವಲಾಯಿತು. ಅಲ್ಲಿ ಚಾಕರಿ ಮಾಡಿ ಬದುಕುತ್ತಿದ್ದವರನ್ನು ನೆನೆದರೆ ಈಗಲೂ ಸಂಕಟ. ಆದರೆ 1986ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ನೆಲವನ್ನು ಹಾಗೆ ಬಿಟ್ಟುಕೊಡಲೂ ಆಗದು. ಆದ್ದರಿಂದ ಕೋಣೆ ಹಿಡಿಯುವ ಮುನ್ನ ಪರವಾನಗಿ ಇದೆಯೇ ಎಂದು ಕೇಳಿಕೊಳ್ಳಿ. ಆನೆಗೊಂದಿಯಲ್ಲಿ ಉಳಿದರೆ ಮತ್ತೊಂದು ಅನುಕೂಲ: ಮರುದಿನ ನಡುಗಡ್ಡೆಯ ನವವೃಂದಾವನಕ್ಕೆ ದೋಣಿ ಹತ್ತುವುದೂ ಆನೆಗೊಂದಿಯ ದಡದಿಂದಲೇ.