ದಿನಕ್ಕೊಂದು ಗಂಟೆ ಮಕ್ಕಳನ್ನು ಓಡಲು ಬಿಡಿ: ಜಾವಗಲ್ ಹೋಬಳಿಯವರಲ್ಲಿ ಮನವಿ

ಬೆಳಿಗ್ಗೆ ಒಂಬತ್ತೂವರೆ ಹೊತ್ತು. ನಮ್ಮ ಹೋಬಳಿಯ ಒಂದು ಪ್ರಾಥಮಿಕ ಶಾಲೆಯ ಎದುರಿನ ಅಂಗಡಿಯಲ್ಲಿ ನಿಂತಿದ್ದೆ. ಮೂರನೇ ಕ್ಲಾಸಿನ ಹುಡುಗನೊಬ್ಬ ಓಡಿ ಬಂದು, ಮುಷ್ಟಿ ಬಿಚ್ಚಿ ಬೆವೆತ ಐದು ರೂಪಾಯಿ ನಾಣ್ಯವನ್ನು ಗಾಜಿನ ಡಬ್ಬಿಯ ಮೇಲಿಟ್ಟ. ಬಾಗಿಲಿಗೆ ತೋರಣದ ಹಾಗೆ ನೇತು ಹಾಕಿದ್ದ ಪ್ಯಾಕೆಟ್‌ಗಳಲ್ಲಿ ಒಂದನ್ನು ಕಿತ್ತುಕೊಂಡ.

"ತಿಂಡಿ ಆಯ್ತಾ ಮಗ?" ಅಂದೆ.

"ಇದೇ ತಿಂಡಿ. ಅಮ್ಮ ಕೂಲಿಗೆ ಹೋಗವ್ಳೆ."

ಆ ತಾಯಿಯನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಏಳಕ್ಕೆಲ್ಲ ತೋಟದಲ್ಲಿರಬೇಕಾದವಳು ಮಗ ಹಸಿದಿರಬಾರದು ಅಂತಲೇ ಆ ನಾಣ್ಯ ಕೊಟ್ಟು ಹೋಗಿದ್ದಾಳೆ. ನನ್ನ ಮಾತು ನಮ್ಮೆಲ್ಲರಿಗೂ: ಅಪ್ಪ ಅಮ್ಮಂದಿರಿಗೆ, ಮೇಷ್ಟ್ರುಗಳಿಗೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ, ಅಂಗಡಿ ಇಟ್ಟುಕೊಂಡಿರುವ ಅಣ್ಣಂದಿರಿಗೆ, ಸಂಜೆ ಮೈದಾನದಲ್ಲಿ ಬ್ಯಾಟು ಬೀಸುವ ಹುಡುಗರಿಗೆ. ಶಾಲೆಯಲ್ಲಿ ಮಗುವಿಗೆ ಒಳ್ಳೆಯ ಊಟ ಸಿಗುತ್ತಿದೆ. ಆ ಊಟ ಮೈಗೆ ಹತ್ತಬೇಕಾದರೆ ಮಿಕ್ಕ ಕೆಲಸ ಊರಿನವರು ಮಾಡಬೇಕು.

ಬಿಸಿಯೂಟ ನಮ್ಮ ರಾಜ್ಯದಲ್ಲಿ ಶುರುವಾಗಿ ಇಪ್ಪತ್ತು ವರ್ಷ ದಾಟಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಬಂತು. ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆಯ ಜೊತೆ ಇನ್ನು ನಾಲ್ಕು ದಿನದ್ದನ್ನು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿಸಿತು. ಹಾಗಾಗಿ 2024ರ ಸೆಪ್ಟೆಂಬರ್‌ನಿಂದ ವಾರದ ಆರೂ ದಿನ ಮೊಟ್ಟೆ, ತಿನ್ನದ ಮನೆಯ ಮಗುವಿಗೆ ಬಾಳೆಹಣ್ಣು. ಕಿರಿಯ ತರಗತಿಯ ಒಂದು ಮಗುವಿನ ಊಟಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕವಿದೆ. 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಅದರಲ್ಲಿ ಸಿಗಬೇಕು. ನಾವು ಓದುವಾಗ ಇದರಲ್ಲಿ ಅರ್ಧವೂ ಇರಲಿಲ್ಲ.

ಒಂದು ದಿನ ಮಕ್ಕಳ ಪಂಕ್ತಿಯಲ್ಲಿ ನಾನೂ ಕೂತೆ. ಅಡುಗೆಯಮ್ಮ ದಂಟಿನ ಸೊಪ್ಪು, ಹುರುಳಿಕಾಯಿ ಹಾಕಿ ಸಾರು ಮಾಡಿದ್ದರು, ಒಗ್ಗರಣೆ ಘಮ್ಮೆನ್ನುತ್ತಿತ್ತು. ನನ್ನ ಪಕ್ಕದ ಹುಡುಗಿ ಸಾರಿನಿಂದ ಒಂದೊಂದೇ ಹುರುಳಿಕಾಯಿ ಆಯ್ದು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿದಳು. ಆಚೆಯವಳೂ ಹಾಗೆಯೇ. ಊಟ ಮುಗಿದಾಗ ಕಸದ ಬಕೆಟ್ಟಿನಲ್ಲಿ ಬಿದ್ದದ್ದು ಅನ್ನವಲ್ಲ, ತರಕಾರಿ. ಬೆಳಿಗ್ಗೆಯಿಂದ ಉಪ್ಪು, ಎಣ್ಣೆ, ಮಸಾಲೆ ಪುಡಿ ನೆಕ್ಕಿದ ನಾಲಿಗೆಗೆ ಹುರುಳಿಕಾಯಿ ಹೇಗೆ ರುಚಿಸೀತು? ಆದರೆ ಅದೇ ಶಾಲೆಯಲ್ಲಿ ಇನ್ನೊಂದನ್ನೂ ಕಂಡೆ. ಟೀಚರೊಬ್ಬರು ಸ್ಟಾಫ್ ರೂಮಿಗೆ ಹೋಗದೆ ನಾಲ್ಕನೇ ಕ್ಲಾಸಿನವರ ಜೊತೆ ಚಕ್ಕಳಮಕ್ಕಳ ಹಾಕಿ ಕೂತು ಅದೇ ಸಾರನ್ನು ಕಲೆಸಿಕೊಂಡು ಉಂಡರು. ಆ ಸಾಲಿನಲ್ಲಿ ತಟ್ಟೆಯಂಚು ಖಾಲಿಯಿತ್ತು. ಉಪದೇಶ ಮಾಡಲಿಲ್ಲ, ಗದರಲಿಲ್ಲ, ಜೊತೆಗೆ ಕೂತು ಉಂಡರು ಅಷ್ಟೇ. ಮೇಷ್ಟ್ರುಗಳೇ, ಟೀಚರುಗಳೇ, ವಾರಕ್ಕೆ ಎರಡು ದಿನವಾದರೂ ಹೀಗೆ ಕೂರಿ. ಅಪ್ಪ ಅಮ್ಮಂದಿರೂ ಬಿಡುವಾದ ದಿನ ಹೋಗಿ ಕೂರಬಹುದು. ನಮ್ಮ ಮಕ್ಕಳ ಊಟ ಹೇಗಿದೆ ಎಂದು ನೋಡುವುದು ನಮ್ಮ ಹಕ್ಕು ಕೂಡ.

ಇನ್ನು ಆ ಐದು ರೂಪಾಯಿಯ ತಿಂಡಿ. ಬೆಳಿಗ್ಗೆ ಒಲೆ ಹಚ್ಚಲು ಹೊತ್ತಿಲ್ಲದ ಮನೆಗೆ ನಮ್ಮ ಅಜ್ಜಿಯಂದಿರು ಆಗಲೇ ದಾರಿ ಮಾಡಿಟ್ಟಿದ್ದಾರೆ: ಹುರಿಹಿಟ್ಟು. ರಾಗಿಯನ್ನು ನೀರು ಚಿಮುಕಿಸಿ ಹದ ಮಾಡಿ, ಕಾದ ಬಾಣಲೆಯಲ್ಲಿ ಅರಳುವ ತನಕ ಹುರಿದು, ಬೀಸಿ ಡಬ್ಬಿಗೆ ತುಂಬಿಟ್ಟರೆ ತಿಂಗಳು ಕೆಡುವುದಿಲ್ಲ. ಬೆಳಿಗ್ಗೆ ಎರಡು ಹಿಡಿ ಹಿಟ್ಟಿಗೆ ಪುಡಿ ಬೆಲ್ಲ, ಒಂದು ಹಿಡಿ ಕಾಯಿತುರಿ, ಸ್ವಲ್ಪ ಬಿಸಿ ಹಾಲು. ಎಂಟು ವರ್ಷದ ಮಗು ತಾನೇ ಕಲೆಸಿಕೊಳ್ಳುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಅದರ ಇಪ್ಪತ್ತನೇ ಒಂದು ಭಾಗವೂ ಇಲ್ಲ. ರಾಗಿ ನಮ್ಮ ಹೊಲದ್ದು, ಕಾಯಿ ನಮ್ಮ ತೋಟದ್ದು. ಅರಸೀಕೆರೆ ಸೀಮೆಯ ಕೊಬ್ಬರಿ ಎಲ್ಲೆಲ್ಲಿಗೋ ಹೋಗುವಾಗ ನಮ್ಮ ಮಗು ಪಾಮ್ ಎಣ್ಣೆಯಲ್ಲಿ ಕರಿದದ್ದನ್ನು ತಿಂದು ಶಾಲೆಗೆ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶಾಲೆಯ ಸುತ್ತ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಕೊಬ್ಬು ಮಿತಿಮೀರಿದ ತಿನಿಸನ್ನು ಮಕ್ಕಳಿಗೆ ಮಾರಬಾರದೆಂದು 2020ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ದಂಡ ಹಾಕಿಸಿ ಅಂತ ನಾನು ಕೇಳುವುದಿಲ್ಲ. ಅಂಗಡಿಯವರೂ ನಮ್ಮವರೇ, ಆ ಐದೈದು ರೂಪಾಯಿಯಲ್ಲೇ ಅವರ ಮನೆಯೂ ನಡೆಯಬೇಕು. ಅಣ್ಣಾ, ನಿಮ್ಮಲ್ಲಿ ಕೈಮುಗಿದು ಕೇಳುವುದಿಷ್ಟು: ಬಾಗಿಲಿನ ತೋರಣ ತೆಗೆಯಿರಿ. ಮಗುವಿನ ಕಣ್ಣಿನ ಎತ್ತರಕ್ಕೆ ಹುರಿಗಡಲೆ, ಕಡಲೆ ಮಿಠಾಯಿ, ಪುರಿ ಪೊಟ್ಟಣ, ಬಾಳೆಹಣ್ಣು ಇಡಿ. ಐದು ರೂಪಾಯಿಗೆ ಅವೂ ಬರುತ್ತವೆ. ಮಗು ಕೈ ಚಾಚುವುದು ಕಣ್ಣಿಗೆ ಮೊದಲು ಕಂಡದ್ದಕ್ಕೇ.

ತಿನ್ನುವುದು ಅರ್ಧ ಮಾತು, ಆಟ ಇನ್ನರ್ಧ. ಆಟದ ವಿಷಯದಲ್ಲಿ ನಾವು ಹೆಚ್ಚು ತಪ್ಪು ಮಾಡುತ್ತಿದ್ದೇವೆ ಎಂದೇ ನನ್ನ ಭಾವನೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮನೆಯ ಮಗುವಿನ ಒಂದು ದಿನವನ್ನು ಲೆಕ್ಕ ಹಾಕಿ ನೋಡೋಣ. ಮನೆ ಬಾಗಿಲಿಗೇ ಹಳದಿ ವ್ಯಾನ್. ಅಲ್ಲಿಂದ ಬೆಂಚು. ಸಂಜೆ ಮತ್ತೆ ವ್ಯಾನ್, ಆಮೇಲೆ ಟ್ಯೂಷನ್, ಆಮೇಲೆ ಅಪ್ಪನ ಮೊಬೈಲು. ಅರವತ್ತು ನಿಮಿಷ ಎಲ್ಲಿದೆ? ಮೈ ಆಡದವರಿಗೆ ಬರುವ ಸಕ್ಕರೆ ಕಾಯಿಲೆ ಪೇಟೆಯ ದೊಡ್ಡವರದು ಎಂದುಕೊಂಡಿದ್ದೆವು. ಆದರೆ 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಸಕ್ಕರೆ ಕಾಯಿಲೆಗೆ ಮೊದಲಿನ ಹಂತದ ಲಕ್ಷಣ ಕಂಡುಬಂದಿತ್ತು. ಇನ್ನೊಂದು ಕಡೆ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಒಂದೇ ಬೀದಿಯಲ್ಲಿ ಎರಡೂ ಇವೆ.

ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆ, ಮರಕೋತಿ. ಇವಕ್ಕೆ ಕಾಸು ಬೇಕಿಲ್ಲ. ಹೊತ್ತು ಬೇಕು, ಜಾಗ ಬೇಕು. ಟೈಮ್‌ಟೇಬಲ್ಲಿನಲ್ಲಿ ಆಟದ ಪಿರಿಯಡ್ ಇದೆ. ಪರೀಕ್ಷೆ ಹತ್ತಿರ ಬಂದ ಕೂಡಲೇ ಅದು ಗಣಿತಕ್ಕೆ ಹೋಗುತ್ತದೆ, ನಾವೂ ಒಳ್ಳೆಯದೇ ಆಯಿತೆಂದು ಸುಮ್ಮನಿರುತ್ತೇವೆ. ದಯವಿಟ್ಟು ಸುಮ್ಮನಿರಬೇಡಿ. ಓಡಿ ಬಂದ ಮಗು ಲೆಕ್ಕವನ್ನೂ ಚುರುಕಾಗಿ ಮಾಡುತ್ತದೆ, ಯಾವ ಮೇಷ್ಟ್ರನ್ನು ಕೇಳಿದರೂ ಒಪ್ಪುತ್ತಾರೆ. ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಆ ಮೈದಾನದಲ್ಲಿ ಜಲ್ಲಿ ರಾಶಿ ಬಿದ್ದಿದ್ದರೆ, ಮುಳ್ಳುಗಿಡ ಬೆಳೆದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಮೂರನೇ ಕ್ಲಾಸಿನ ತನಕ ಹುಡುಗರನ್ನೂ ಮೀರಿಸಿ ಓಡುವ ಹುಡುಗಿಯರು ಐದು, ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಮರದ ಕೆಳಗೆ ಕೂತು ಬ್ಯಾಗು ಕಾಯುತ್ತಿರುತ್ತಾರೆ. ಮೈದಾನ ಪೂರ್ತಿ ಹುಡುಗರ ಕ್ರಿಕೆಟ್ಟಿಗೆ ಹೋಗಿರುತ್ತದೆ. ಇನ್ನು ಶೌಚಾಲಯ ಸರಿಯಿಲ್ಲದ ಕಡೆ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನೀರು ಕುಡಿಯದ ಮಗು ಬಿಸಿಲಲ್ಲಿ ಏನು ಓಡೀತು? ಎಸ್‌ಡಿಎಂಸಿ ತಾಯಂದಿರೇ, ಮುಂದಿನ ಸಭೆಯಲ್ಲಿ ಶೌಚಾಲಯದ ಚಿಲಕ, ನಲ್ಲಿ, ನೀರಿನ ಮಾತೇ ಮೊದಲು ಬರಲಿ. ವಾರಕ್ಕೆ ಎರಡು ದಿನ ಮೈದಾನ ಹೆಣ್ಣುಮಕ್ಕಳ ಖೋ-ಖೋಗೆ ಮೀಸಲಾಗಲಿ.

ನಮ್ಮೂರಿನ ಹೆಸರನ್ನು ಜಗತ್ತಿನ ಮೈದಾನಗಳ ತನಕ ಒಯ್ದವರು ಜಾವಗಲ್ ಶ್ರೀನಾಥ್. ಬೆಳೆದದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದೆ ಊರಿತ್ತು. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತಾಗ ಟಿವಿ ಮುಂದೆ ಕೂತ ನಮಗೆಲ್ಲ ಎದೆಯುಬ್ಬಿತ್ತು. ಊರಿನ ಪ್ರತಿ ಮಗುವೂ ಬೌಲರ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಏದುಸಿರು ಬಿಡುವಷ್ಟು ಓಡಲಿ, ರಾತ್ರಿ ಹೊಟ್ಟೆ ತುಂಬ ಉಂಡು ಗಾಢವಾಗಿ ನಿದ್ದೆ ಮಾಡಲಿ.

ಎಷ್ಟೋ ಸಣ್ಣ ಶಾಲೆಗಳಲ್ಲಿ ದೈಹಿಕ ಶಿಕ್ಷಕರಿಲ್ಲ. ಕಬಡ್ಡಿ, ವಾಲಿಬಾಲ್ ಆಡಿ ಕಪ್ಪು ಗೆದ್ದ ಯುವಕರು, ಯುವತಿಯರು ಮಾತ್ರ ಪ್ರತಿ ಹಳ್ಳಿಯಲ್ಲೂ ಇದ್ದೀರಿ. ಶನಿವಾರ ಬೆಳಗ್ಗಿನ ಒಂದು ಗಂಟೆ ಕೊಡಿ. ಹೆಡ್‌ಮೇಷ್ಟ್ರನ್ನು ಮೊದಲೇ ಕಂಡು, ಒಪ್ಪಿಗೆ ಪಡೆದು ಹೋಗಿ. ತಿಂಗಳಿಗೊಮ್ಮೆ ಬ್ಯಾಗಿಲ್ಲದ 'ಸಂಭ್ರಮ ಶನಿವಾರ'ವೂ ಬರುತ್ತದೆ, ಅಂದಿಗೇ ಶುರು ಮಾಡಿದರೂ ಆಯಿತು. ಸಾಮಾನು ಹೆಚ್ಚೇನೂ ಬೇಡ. ಲಗೋರಿಗೆ ಏಳು ಹೆಂಚಿನ ಚೂರು, ಒಂದು ಚೆಂಡು, ಅಂಕಣ ಎಳೆಯಲು ಸುಣ್ಣದ ಪುಡಿ, ಹಗ್ಗದಾಟಕ್ಕೆ ಬಾವಿಯಿಂದ ಬಿಚ್ಚಿಟ್ಟ ಹಳೆಯ ಹಗ್ಗ. ನಮ್ಮ ಮನೆಯ ಹಗ್ಗ ಅಟ್ಟದ ಮೇಲಿದೆ, ಈ ಶನಿವಾರ ತಂದುಕೊಡುತ್ತೇನೆ.